ಸಿನಿಮಾ ಮುಗಿದ ಮೇಲೆ ಪೆನ್ಸಿಲ್ ಕೈಗೆ ಕೊಡಿ

ರಜೆಯಲ್ಲಿ ಮಕ್ಕಳ ಜೊತೆ ಕೂತು ನೋಡಿ, ಆಮೇಲೆ ಚಿತ್ರ ಬರೆಸೋಕೆ ಯಾವ ಸಿನಿಮಾ ಒಳ್ಳೇದು ಅನ್ನೋರಿಗೆ, ನಮ್ಮನೇಲಿ ಕೆಲಸ ಮಾಡಿದ್ದು ಹೇಳ್ತೀನಿ.

ಮೊದಲು 'ತಾರೆ ಜಮೀನ್ ಪರ್' (2007). ಕೊನೆಯ ಚಿತ್ರಕಲಾ ಸ್ಪರ್ಧೆ ಎಲ್ಲರಿಗೂ ನೆನಪಿರುತ್ತೆ. ನನಗೆ ಮಾತ್ರ ಕಥೆಯ ಹುಡುಗ ಇಶಾನ್ ಬರೆದ ಪುಟ್ಟ ಫ್ಲಿಪ್‌ಬುಕ್ಕೇ (ಪುಟ ಓಡಿಸಿದರೆ ಚಿತ್ರ ಚಲಿಸೋ ಪುಸ್ತಕ) ಮುಖ್ಯ. ಪುಟ ಸರಸರ ತಿರುಗಿಸಿದರೆ ಚಿತ್ರದ ಹುಡುಗ ಮನೆಯವರಿಂದ ದೂರ ಆಗ್ತಾ ಹೋಗ್ತಾನೆ. (ಕರ್ಚೀಫ್ ಹತ್ತಿರ ಇಟ್ಕೊಳ್ಳಿ, ಮಕ್ಕಳಿಗಲ್ಲ, ನಿಮಗೆ.)

ಅಂಥದ್ದೇ ಒಂದು ಮಾಡಿಸಿ. ಹಳೇ ನೋಟ್‌ಬುಕ್ ಸಾಕು. ಡ್ರಾಯಿಂಗ್ ಪುಸ್ತಕದ ದಪ್ಪ ಹಾಳೆ ಬೇಡ, ಸರಿಯಾಗಿ ತಿರುಗಲ್ಲ. ಬಲಗಡೆ ಕೆಳಮೂಲೆಯಲ್ಲಿ, ಕೊನೆಯ ಪುಟದಿಂದ ಶುರು ಮಾಡಿ ಮುಂದಕ್ಕೆ ಬರಬೇಕು. ಆಗ ಕೆಳಗಿನ ಚಿತ್ರ ತೆಳು ಹಾಳೆಯಲ್ಲಿ ಮಸುಕಾಗಿ ಕಾಣುತ್ತೆ, ಅದನ್ನೇ ನೋಡ್ಕೊಂಡು ಚೂರೇ ಚೂರು ಜರುಗಿಸಿ ಬರೆದರಾಯ್ತು. ಪುಟಿಯುವ ಚೆಂಡು ಸುಲಭ. ಮೂವತ್ತು ಪುಟ ಆದ್ರೆ ಹೆಬ್ಬೆರಳಲ್ಲಿ ಓಡಿಸಿ ನೋಡಿ. ನನ್ನ ಮಗ ನಾಯಿ ಬರೀತೀನಿ ಅಂತ ಹಟ ಮಾಡಿ ಆರನೇ ಪುಟಕ್ಕೇ ಕೈಬಿಟ್ಟ. ಚೆಂಡಿಗೇ ವಾಪಸ್ ಬಂದ್ವಿ.

ಚಿಕ್ಕವರಿಗೆ ನಿರ್ದೇಶಕ ಮಿಯಾಝಾಕಿಯವರ 'ಮೈ ನೇಬರ್ ಟೊಟೊರೊ' (1988). ಕೈಯಲ್ಲೇ ಚಿತ್ರ ಬರೆದು ಮಾಡಿದ ಜಪಾನಿ ಕಾರ್ಟೂನ್ ಸಿನಿಮಾ. ಮಳೆಯಲ್ಲಿ ಬಸ್‌ಸ್ಟಾಪ್ ದೃಶ್ಯ ಬಂದಾಗ ಸಿನಿಮಾ ಅಲ್ಲೇ ನಿಲ್ಲಿಸಿ, ಹತ್ತು ನಿಮಿಷ ನೋಡ್ಕೊಂಡು ಬರೆಯಲಿ.

ಒಂದೇ ಒಂದು ಮಾತು, ರಬ್ಬರ್ ಬಚ್ಚಿಡಿ. ಇದ್ದರೆ ಅಳಿಸೋದ್ರಲ್ಲೇ ಸಂಜೆ ಆಗುತ್ತೆ.