ಮಾತ್ರೆಗೆ ಮುಂಚೆ ಬರೆದಿಟ್ಟ ಒಂದು ಪುಟ

ಎರಡು ವರ್ಷದಿಂದ ಸುಸ್ತು. ಜ್ವರ ಇಲ್ಲ, ನೋವಿಲ್ಲ, ಸುಮ್ನೆ ಸುಸ್ತು. ಎಂಟು ಗಂಟೆ ನಿದ್ದೆ ಮಾಡಿ ಎದ್ದರೂ, ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುವಾಗ ಕೈ ಎತ್ತಿ ಹಿಡಿಯಲು ಆಗುತ್ತಿರಲಿಲ್ಲ. ಒದ್ದೆ ಕೂದಲಲ್ಲೇ ಮಂಚದ ತುದಿಯಲ್ಲಿ ಹತ್ತು ನಿಮಿಷ ಕೂರುತ್ತಿದ್ದೆ. ಆಗ ನನಗೆ 41 ವರ್ಷ.

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡುವ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ 5.6 ಬಂತು. ಸಾಮಾನ್ಯವಾಗಿ 0.4ರಿಂದ 4 ಅಥವಾ 4.5ರವರೆಗೆ ನಾರ್ಮಲ್ ಅಂತಾರೆ. ಆದರೆ ಥೈರಾಯ್ಡ್ ಗ್ರಂಥಿ ತಯಾರಿಸುವ ನಿಜವಾದ ಹಾರ್ಮೋನ್, ಅಂದರೆ ಫ್ರೀ ಟಿ4, ಸರಿಯಾಗೇ ಇತ್ತು. ಡಾಕ್ಟರು ಮಾತ್ರೆ ಬರೆಯಲಿಲ್ಲ. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡೋಣ ಅಂದರು. ಟಿಎಸ್‌ಎಚ್ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ, ಯಾವುದಾದರೂ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗಲೂ ಏರುತ್ತದೆ. ಕೂದಲಿಗೆ ಅಂತ ನುಂಗುತ್ತಿದ್ದ ಬಯೋಟಿನ್ ಮಾತ್ರೆಯನ್ನೂ ಪರೀಕ್ಷೆಗೆ ಮುಂಚೆ ನಿಲ್ಲಿಸಲು ಹೇಳಿದರು. ಅದು ಕೆಲವು ಲ್ಯಾಬ್‌ಗಳ ಥೈರಾಯ್ಡ್ ಲೆಕ್ಕವನ್ನೇ ತಪ್ಪಿಸುತ್ತದಂತೆ. ಎರಡನೇ ಸಲ 5.2. ಹಿಮೋಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ಸಕ್ಕರೆ, ಕಿಡ್ನಿ, ಲಿವರ್ ಎಲ್ಲ ಸರಿ. ದೇಹವೇ ತನ್ನ ಥೈರಾಯ್ಡಿನ ಮೇಲೆ ತಿರುಗಿಬಿದ್ದಿದೆ ಅಂತ ತೋರಿಸುವ ಆ್ಯಂಟಿಬಾಡಿಯೂ ಇಲ್ಲ.

ನನ್ನ ತಂಗಿ ಹತ್ತು ವರ್ಷದಿಂದ ಥೈರಾಕ್ಸಿನ್, ಅಂದರೆ ಟಿ4 ಹಾರ್ಮೋನನ್ನೇ ಮಾತ್ರೆಯಾಗಿ ತಗೋತಾಳೆ. "ಅಕ್ಕ, ಇನ್ನೇನು ಯೋಚನೆ? ನನಗೆ ಎಷ್ಟು ಗುಣವಾಯ್ತು ನೋಡಿಲ್ವಾ? ಶುರು ಮಾಡು" ಅಂದಳು. ಅವಳ ಮಾತು ಸುಳ್ಳಲ್ಲ. ಆದರೆ ಅವಳ ಮೊದಲ ಟಿಎಸ್‌ಎಚ್ 60 ದಾಟಿತ್ತು, ಟಿ4 ನೆಲ ಕಚ್ಚಿತ್ತು. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ತಾಕೀತೇ ಟಿಎಸ್‌ಎಚ್. ಅವಳ ವಿಷಯದಲ್ಲಿ ಎಷ್ಟು ತಾಕೀತು ಮಾಡಿದರೂ ಕೆಲಸ ಆಗುತ್ತಿರಲಿಲ್ಲ. ನನ್ನ ವಿಷಯದಲ್ಲಿ ತಾಕೀತು ಸ್ವಲ್ಪ ಜೋರಾಗಿತ್ತು, ಕೆಲಸ ನಡೆಯುತ್ತಿತ್ತು. ಎರಡೂ ಒಂದೇ ಅಲ್ಲ.

ಒಂದು ವಾರ ಕೂತು ಓದಿದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಚಿಕ್ಕ ಪ್ರಯೋಗ ಮನಸ್ಸಿಗೆ ನಾಟಿತು. ಥೈರಾಯ್ಡ್ ಕಡಿಮೆಯಾದವರ ಹಾಗೇ ಸುಸ್ತು, ಆದರೆ ರಿಪೋರ್ಟ್ ನಾರ್ಮಲ್. ಅಂಥ 25 ಜನ, ಜೊತೆಗೆ ಆರೋಗ್ಯವಾಗಿದ್ದ 19 ಜನ. ಎಲ್ಲರಿಗೂ 12 ವಾರ 100 ಮೈಕ್ರೋಗ್ರಾಂ ಥೈರಾಕ್ಸಿನ್, ಇನ್ನು 12 ವಾರ ಔಷಧಿಯೇ ಇಲ್ಲದ ಮಾತ್ರೆ. ಯಾವುದು ಯಾವುದೆಂದು ತಗೊಂಡವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ಥೈರಾಕ್ಸಿನ್‌ನಿಂದ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಆರೋಗ್ಯವಂತರಿಗಂತೂ ಅದನ್ನು ತಗೊಂಡಾಗ ಲವಲವಿಕೆ ಕಡಿಮೆಯೇ ಆಗಿತ್ತು. 2017ರ ದೊಡ್ಡ ಪ್ರಯೋಗದಲ್ಲಿ 65 ದಾಟಿದ 737 ಜನರಿದ್ದರು. ಅವರ ಟಿಎಸ್‌ಎಚ್ ನನ್ನ ಹಾಗೆ ಸ್ವಲ್ಪ ಜಾಸ್ತಿ. ಅಲ್ಲೂ ಸುಸ್ತು ಇಳಿಯಲಿಲ್ಲ.

ಹಾಗಾದರೆ ಬೇಡವೇ ಬೇಡ ಅನ್ನಬೇಕಿತ್ತು, ಅಲ್ವಾ? ಇಲ್ಲೇ ನಾನು ತುಂಬಾ ದಿನ ತೂಗಾಡಿದ್ದು. ತಜ್ಞರಲ್ಲೇ ಒಮ್ಮತ ಇಲ್ಲ. 2019ರಲ್ಲಿ ಅದೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ತಜ್ಞರ ಗುಂಪು, ಇಂಥವರಲ್ಲಿ ಹೆಚ್ಚಿನವರಿಗೆ ಹಾರ್ಮೋನ್ ಬೇಡ ಎಂದು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷ, ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ, 65ರೊಳಗಿನವರಿಗೆ ಮೂರು ತಿಂಗಳ ಅಂತರದಲ್ಲಿ ಎರಡು ಸಲ ಟಿಎಸ್‌ಎಚ್ ಜಾಸ್ತಿ ಬಂದು ತೊಂದರೆಯೂ ಇದ್ದರೆ, ಆರು ತಿಂಗಳು ಕೊಟ್ಟು ನೋಡುವ ಬಗ್ಗೆ ಯೋಚಿಸಬಹುದು ಎಂದಿತು. ನಾನು ಆ ಸಣ್ಣ ಕಿಂಡಿಯಲ್ಲಿದ್ದೆ.

ಅಪಾಯದ ಕಡೆ ನನ್ನ ಮನೆಯದೇ ಲೆಕ್ಕ ಇತ್ತು. ಅಪ್ಪನಿಗೆ ವಯಸ್ಸಾದ ಮೇಲೆ ಏಟ್ರಿಯಲ್ ಫಿಬ್ರಿಲೇಷನ್ ಬಂತು. ಎದೆ ಬಡಿತ ತಾಳ ತಪ್ಪುವ ಕಾಯಿಲೆ ಅದು. ಅಮ್ಮನಿಗೆ ಮೂಳೆ ಸವೆತ. ಥೈರಾಯ್ಡ್ ಹಾರ್ಮೋನ್ ಜಾಸ್ತಿಯಾದರೆ ಪೆಟ್ಟು ಬೀಳುವುದು ಈ ಎರಡಕ್ಕೇ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಹೃದಯ ಅಧ್ಯಯನದವರು 60 ದಾಟಿದವರನ್ನು ಹತ್ತು ವರ್ಷ ಹಿಂಬಾಲಿಸಿ, 1994ರಲ್ಲಿ ಫಲಿತಾಂಶ ಬರೆದಿದ್ದರು. ಟಿಎಸ್‌ಎಚ್ 0.1ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದವರಲ್ಲಿ ಈ ತಾಳ ತಪ್ಪುವ ಅಪಾಯ ಸುಮಾರು ಮೂರು ಪಟ್ಟು. ಅಂದರೆ ಭಯ ಪಡಬೇಕಾದದ್ದು ಚಿಕ್ಕ ಡೋಸಿಗಿಂತ, ಗುಣ ಕಾಣದೆ ಡೋಸ್ ಏರಿಸುತ್ತಾ ಹೋಗುವ ಚಟಕ್ಕೆ. ಇನ್ನೊಂದು ವಿಷಯ ನನಗೆ ಗೊತ್ತೇ ಇರಲಿಲ್ಲ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಸೋತಿದ್ದರೂ ಹೀಗೇ ಸುಸ್ತಾಗುತ್ತದೆ, ಟಿಎಸ್‌ಎಚ್ ಕೂಡ ಸ್ವಲ್ಪ ಏರಬಹುದು. ಅದನ್ನು ನೋಡದೆ ಥೈರಾಕ್ಸಿನ್ ಕೊಟ್ಟರೆ ಜೀವಕ್ಕೇ ಕುತ್ತು ಬರಬಹುದು. ಡಾಕ್ಟರು ಆ ಗ್ರಂಥಿಯ ಹಾರ್ಮೋನಾದ ಕಾರ್ಟಿಸಾಲ್‌ನ ಬೆಳಗಿನ ಪರೀಕ್ಷೆ ಮತ್ತು ಇಸಿಜಿ ಮಾಡಿಸಿದ ಮೇಲೇ ಮಾತು ಮುಂದುವರಿಸಿದರು. ತಂಗಿಯ ಡಬ್ಬಿಯಿಂದ ಎರಡು ಮಾತ್ರೆ ತಗೊಂಡು ಶುರು ಮಾಡಿಬಿಡೋಣ ಅಂತ ನನಗೂ ಒಂದು ದಿನ ಅನಿಸಿತ್ತು. ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ.

ಮಾತ್ರೆ ಮುಟ್ಟುವ ಮುಂಚೆ ಒಂದು ತಿಂಗಳು ಕಾದೆ. ದಿನಾ ರಾತ್ರಿ ಸುಸ್ತಿಗೆ 0ಯಿಂದ 10ರೊಳಗೆ ಒಂದು ಅಂಕ. ದಿನಾ ಬೆಳಗ್ಗೆ ಹಾಸಿಗೆ ಬಿಡುವ ಮುಂಚೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಒಂದು ನಿಮಿಷ ಪೂರ್ತಿ ನಾಡಿ ಎಣಿಕೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಡುವೆ ತಪ್ಪಿದ ಬಡಿತ ಗೊತ್ತಾಗುವುದಿಲ್ಲ. ಆ ತಿಂಗಳ ಸುಸ್ತಿನ ಸರಾಸರಿ 6.2, ನಾಡಿ 68.

ಆಮೇಲೆ ಡಾಕ್ಟರ ಎದುರೇ ಒಂದು ಪುಟ ಬರೆದೆ. ಆರು ತಿಂಗಳು ಮಾತ್ರ. ಕೊನೆಯ ಮೂರು ತಿಂಗಳ ಸರಾಸರಿ ಕನಿಷ್ಠ ಒಂದೂವರೆ ಅಂಕ ಇಳಿಯದಿದ್ದರೆ ನಿಲ್ಲಿಸುವುದು. ಟಿಎಸ್‌ಎಚ್ 0.5ಕ್ಕಿಂತ ಕೆಳಗೆ ಹೋದರೆ ಡೋಸ್ ಇಳಿಸುವುದು. ನಾಡಿ ತಾಳ ತಪ್ಪಿದರೆ ಅವತ್ತೇ ಫೋನ್. ನಡುವೆ ಬೇರೆ ಯಾವ ಹೊಸ ಔಷಧಿಯೂ ಬೇಡ. ಕೆಳಗೆ ಸಹಿ ಹಾಕಿದೆ. ಸುಸ್ತಾದಾಗ ನನ್ನ ಮಾತನ್ನು ನಾನೇ ಮುರಿಯುತ್ತೇನೆ ಅಂತ ಗೊತ್ತಿತ್ತು.

25 ಮೈಕ್ರೋಗ್ರಾಂನಿಂದ ಶುರು, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ನಾಲ್ಕನೇ ದಿನ ನನಗೆ ರೆಕ್ಕೆ ಬಂದಂತಾಯಿತು! ಇಡೀ ಕಪಾಟು ಖಾಲಿ ಮಾಡಿ ಬಟ್ಟೆ ಮಡಿಚಿಟ್ಟೆ. ತಂಗಿಗೆ ಫೋನ್ ಮಾಡಿ ನೀನು ಹೇಳಿದ್ದೇ ಸರಿ ಅಂದೆ. ಮೊದಲ ಹತ್ತು ದಿನದ ಸರಾಸರಿ 4. ಆದರೆ ಥೈರಾಕ್ಸಿನ್ ಅರ್ಧ ಕರಗಲು ಸುಮಾರು ಏಳು ದಿನ ಬೇಕು, ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ. ಅದಕ್ಕೇ ಆರೆಂಟು ವಾರ ಆದ ಮೇಲೆ ಟಿಎಸ್‌ಎಚ್ ನೋಡುವುದು. ನಾಲ್ಕನೇ ದಿನದ ರೆಕ್ಕೆ ಅಷ್ಟು ಚಿಕ್ಕ ಡೋಸಿನದ್ದಲ್ಲ, ನನ್ನ ಆಸೆಯದ್ದು. ನೋಟ್‌ಬುಕ್ ಇಲ್ಲದಿದ್ದರೆ ಇವತ್ತಿಗೂ ಅದನ್ನೇ ನಂಬಿರುತ್ತಿದ್ದೆ.

ಆರು ವಾರಕ್ಕೆ 50 ಮೈಕ್ರೋಗ್ರಾಂ ಆಯಿತು. ಟಿಎಸ್‌ಎಚ್ 1.8ಕ್ಕೆ ಬಂತು, ರಿಪೋರ್ಟ್ ಕಣ್ಣಿಗೆ ಹಬ್ಬ. ಸುಸ್ತು ಮಾತ್ರ ಮೊದಲಿನ ಜಾಗಕ್ಕೇ ವಾಪಸ್. ನಾಲ್ಕನೇ ತಿಂಗಳಲ್ಲಿ ಮನಸ್ಸು ಜೋರಾಗಿ ಎಳೆಯಿತು. ಇನ್ನೊಂದು 25 ಏರಿಸಿದರೆ? ಥೈರಾಯ್ಡಿನ ಇನ್ನೊಂದು ಹಾರ್ಮೋನ್ ಟಿ3ಯ ಮಾತ್ರೆ ಸೇರಿಸಿದರೆ? ಟಿ3 ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಏರಿಬಿಡುತ್ತದೆ. ಎದೆ ಬಡಿತದ ಚಿಂತೆ ಇರುವ ನನ್ನಂಥವಳಿಗೆ ಅದು ಬೇಡ ಅಂದರು ಡಾಕ್ಟರು. ನಾಡಿ ಆಗಲೇ 74ಕ್ಕೆ ಬಂದಿತ್ತು. ಅಪಾಯ ಏನಲ್ಲ, ಆದರೆ ಔಷಧಿ ಒಳಗೆ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಕೆಲಸ ಮಾಡುತ್ತಿದೆ, ಆದರೆ ಸುಸ್ತಿನ ಮೇಲೆ ಅಲ್ಲ.

ಕೊನೆಯ ಮೂರು ತಿಂಗಳ ಸರಾಸರಿ 5.9 ಬಂತು. ಪುಟ ತೆಗೆದು ಓದಿದೆ. ತುಂಬಾ ಅತ್ತೆ, ನಿಜ ಹೇಳಬೇಕೆಂದರೆ. ಒಂದು ಹೆಸರಿರುವ ಕಾಯಿಲೆ, ಒಂದು ಮಾತ್ರೆ ಸಿಕ್ಕಿತು ಅಂದುಕೊಂಡಿದ್ದೆ. ಡಾಕ್ಟರಿಗೆ ಹೇಳಿ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ಸ್ವಂತ ಗ್ರಂಥಿ ತನ್ನ ಲಯಕ್ಕೆ ಮರಳಲು ಕೆಲವು ವಾರ ಬೇಕು. ಆ ದಿನಗಳ ಸುಸ್ತು ನೋಡಿ ಗಾಬರಿಯಿಂದ ಮತ್ತೆ ಶುರು ಮಾಡಬೇಡಿ ಅಂತ ಮೊದಲೇ ಎಚ್ಚರಿಸಿದ್ದರು. ಎಂಟು ವಾರಕ್ಕೆ ಟಿಎಸ್‌ಎಚ್ 4.9. ಇನ್ನು ವರ್ಷಕ್ಕೊಮ್ಮೆ ನೋಡಿದರೆ ಸಾಕು ಅಂದಿದ್ದಾರೆ.

ರಾತ್ರಿ ನಾನು ಗೊರಕೆ ಹೊಡೆಯುತ್ತಾ ನಡುವೆ ಉಸಿರು ಕಟ್ಟಿದಂತೆ ನಿಲ್ಲಿಸುತ್ತೇನೆ ಅಂತ ಮನೆಯವರು ಹೇಳುತ್ತಲೇ ಇದ್ದರು. ಥೈರಾಯ್ಡಿನ ಗುಂಗಿನಲ್ಲಿ ಆ ಮಾತನ್ನು ನಾನು ಕಿವಿಗೇ ಹಾಕಿಕೊಂಡಿರಲಿಲ್ಲ. ಮೊನ್ನೆ ನಿದ್ದೆಯ ಪರೀಕ್ಷೆಗೆ ಹೆಸರು ಬರೆಸಿದೆ. ನೋಟ್‌ಬುಕ್ ಮತ್ತೆ ತಲೆದಿಂಬಿನ ಪಕ್ಕ ಬಂದಿದೆ. ನಿನ್ನೆ 6, ಇವತ್ತು 5.