ನೀರಿನ ಬಾಟಲಿ ಬಿಟ್ಟು ಹೊರಟಾಗ: ಅಗೋರಾಫೋಬಿಯಾ, ನನ್ನ ಅನುಭವ

ನನಗೆ ಬಸ್ಸಿನ ಭಯ ಇರಲಿಲ್ಲ. ಬಸ್ಸಿನಲ್ಲಿ ಕೂತಿರುವಾಗ ಎದೆ ಹೊಡೆದುಕೊಳ್ಳೋಕೆ ಶುರುವಾದರೆ ಕೂಡಲೇ ಇಳಿಯೋಕೆ ಆಗಲ್ವಲ್ಲ, ಅದರ ಭಯ. ಸಾಲಿನಲ್ಲಿ ನಿಂತಾಗ ತಲೆ ಸುತ್ತಿ ಬಿದ್ದರೆ? ಸಿನಿಮಾ ಹಾಲಿನಲ್ಲಿ ನಡುವಿನ ಸೀಟು ಸಿಕ್ಕು, ಉಸಿರು ಕಟ್ಟಿದ ಹಾಗಾದರೆ? ಜಾಗ ಬೇರೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಇಲ್ಲಿ ಏನಾದರೂ ಆದರೆ ಹೊರಗೆ ಹೋಗುವುದು ಹೇಗೆ, ಯಾರು ನೋಡಿಕೊಳ್ಳುತ್ತಾರೆ? ಮನೆಯವರು "ಸ್ವಲ್ಪ ಧೈರ್ಯ ಮಾಡು" ಅನ್ನುತ್ತಿದ್ದರು. ಧೈರ್ಯ ಯಾವುದರ ಎದುರು ಮಾಡಬೇಕು ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮನೋವೈದ್ಯರು ಐದು ಬಗೆಯ ಸಂದರ್ಭಗಳ ಬಗ್ಗೆ ಕೇಳಿದರು: ಬಸ್ಸು, ರೈಲಿನಂಥ ವಾಹನಗಳು; ಸೇತುವೆ, ಪಾರ್ಕಿಂಗ್ ಜಾಗದಂಥ ಬಯಲು; ಹಾಲ್, ಅಂಗಡಿಯಂಥ ಮುಚ್ಚಿದ ಜಾಗ; ಸಾಲು ಅಥವಾ ಜನಸಂದಣಿ; ಮನೆಯಿಂದ ಹೊರಗೆ ಒಬ್ಬರೇ ಇರುವುದು. ಇವುಗಳಲ್ಲಿ ಎರಡಕ್ಕಾದರೂ ವಿಪರೀತ ಭಯ ಇದ್ದು, ಅದು ಆರು ತಿಂಗಳು ಅಥವಾ ಇನ್ನೂ ಜಾಸ್ತಿ ಕಾಲ ಬಿಡದೆ ಕಾಡಿ, ಬದುಕಿಗೆ ಅಡ್ಡ ಬರುತ್ತಿದ್ದರೆ ಅಗೋರಾಫೋಬಿಯಾ ಅನ್ನುತ್ತಾರೆ. 2013ರಲ್ಲಿ ಬಂದ ಡಿಎಸ್ಎಂ-5 (ಅಮೆರಿಕದ ಮನೋವೈದ್ಯರ ಸಂಘದ ಮಾನಸಿಕ ಕಾಯಿಲೆಗಳ ಕೈಪಿಡಿ) ಇದನ್ನು ಪ್ಯಾನಿಕ್ ಕಾಯಿಲೆಯಿಂದ, ಅಂದರೆ ದಿಢೀರನೆ ವಿಪರೀತ ಗಾಬರಿ ಮತ್ತೆ ಮತ್ತೆ ಬರುವ ಕಾಯಿಲೆಯಿಂದ, ಬೇರೆ ಮಾಡಿ, ತನ್ನದೇ ಒಂದು ಕಾಯಿಲೆಯಾಗಿ ಸೇರಿಸಿತು. ನನಗೆ ಎರಡೂ ಇದ್ದವು. ಥೈರಾಯ್ಡ್, ರಕ್ತಹೀನತೆ, ಹೃದಯದ ಬಡಿತ ಎಲ್ಲವನ್ನೂ ಮೊದಲೇ ಪರೀಕ್ಷೆ ಮಾಡಿಸಿದರು. ಅದು ಆಗಲೇಬೇಕು. ಆದರೆ ಸರಿಯಾಗಿ ಒಂದು ಸಲ ಆದರೆ ಸಾಕು. ಎದೆ ಡವಡವ ಅಂದಾಗಲೆಲ್ಲ ಇಸಿಜಿ ಮಾಡಿಸಿಕೊಂಡು ಸಮಾಧಾನ ಪಡೆಯುವುದು ಈ ಕಾಯಿಲೆಯದ್ದೇ ಇನ್ನೊಂದು ಮುಖ.

ಇದು ಬೆಳೆಯುವ ರೀತಿ ಮಾತ್ರ ತುಂಬಾ ಸರಳ. ಮೊದಲ ಸಲ ಬಸ್ಸಿನಲ್ಲಿ ಪ್ಯಾನಿಕ್ ಬಂದಾಗ ನಡುದಾರಿಯಲ್ಲಿ ಇಳಿದುಬಿಟ್ಟೆ. ಇಳಿದ ಕೂಡಲೇ ಹಾಯ್ ಅನಿಸಿತು. ಮೆದುಳು ಅಲ್ಲೇ ಲೆಕ್ಕ ಬರೆದುಕೊಂಡಿತು: ಇಳಿದೆ, ಬದುಕಿದೆ. ಇಳಿಯದೇ ಇದ್ದಿದ್ದರೂ ಸ್ವಲ್ಪ ಹೊತ್ತಿನಲ್ಲಿ ಗಾಬರಿ ತಾನಾಗೇ ಇಳಿಯುತ್ತಿತ್ತು ಅನ್ನುವುದನ್ನು ನೋಡಲು ಅದಕ್ಕೆ ಅವಕಾಶವೇ ಸಿಗಲಿಲ್ಲ. ಮುಂದಿನ ಸಲ ಬಸ್ ಹತ್ತಲೇ ಇಲ್ಲ. ಆಮೇಲೆ ದೊಡ್ಡ ರಸ್ತೆ, ಆಮೇಲೆ ಅಂಗಡಿ. ಒಂದು ದಿನ ನೋಡಿದರೆ ಗೇಟಿನಾಚೆ ಹೋಗೋಕೆ ಯಾರಾದರೂ ಜೊತೆಗೆ ಬೇಕಾಗಿತ್ತು.

ಥೆರಪಿ ರಸ್ತೆಯಲ್ಲಿ ಶುರುವಾಗುತ್ತದೆ ಅಂದುಕೊಂಡಿದ್ದೆ. ಶುರುವಾದದ್ದು ಕುರ್ಚಿಯಲ್ಲಿ. ತಿರುಗುವ ಕುರ್ಚಿಯಲ್ಲಿ ಕೂರಿಸಿ, ಕಾಲಿನಿಂದ ಒದ್ದು ಸುತ್ತಿ ಅಂದರು. ಇನ್ನೊಂದು ದಿನ ಸಣ್ಣ ಸ್ಟ್ರಾ ಬಾಯಲ್ಲಿಟ್ಟು, ಮೂಗು ಹಿಡಿದು ಉಸಿರಾಡಿಸಿದರು. ಇದ್ದಲ್ಲೇ ಓಡಿಸಿದರು. ಬೇಕಂತಲೇ ಜೋರುಜೋರಾಗಿ ಉಸಿರು ಎಳೆಸಿದರು. ಈ ಕೊನೆಯದು ನನ್ನನ್ನು ಅಲ್ಲಾಡಿಸಿತು. ಒಂದು ನಿಮಿಷದೊಳಗೆ ಬೆರಳ ತುದಿ ಜುಮ್ಮೆಂದಿತು, ತುಟಿ ಮರಗಟ್ಟಿತು, ಕೋಣೆ ದೂರ ಸರಿದ ಹಾಗಾಯಿತು. ಬಸ್ಸಿನಲ್ಲಿ ಆಗಿದ್ದೂ ಥೇಟ್ ಇದೇ! ಹಾಗೆ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಮೆದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗುತ್ತವೆ, ಅದಕ್ಕೇ ಆ ತೇಲಿದಂಥ ಭಾವನೆ. ಅಪಾಯ ಏನೂ ಇಲ್ಲ, ಹಿಂಸೆ ಮಾತ್ರ. (ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.) ತಲೆ ತಿರುಗಿ ಬೀಳುತ್ತೇನೆ ಅನ್ನುವ ನನ್ನ ದೊಡ್ಡ ಹೆದರಿಕೆಗೂ ಅಲ್ಲೇ ಉತ್ತರ ಸಿಕ್ಕಿತು. ಸಾಮಾನ್ಯವಾಗಿ ಪ್ರಜ್ಞೆ ತಪ್ಪುವುದು ರಕ್ತದೊತ್ತಡ ದಿಢೀರನೆ ಕುಸಿದಾಗ. ಪ್ಯಾನಿಕ್‌ನಲ್ಲಿ ಅದು ಏರುವುದೇ ಜಾಸ್ತಿ. ಹಾಗಾಗಿ ಬಿದ್ದೇಬಿಟ್ಟೆ ಅನಿಸುತ್ತದೆ, ಬೀಳುವುದು ಅಪರೂಪ.

ಮಾಹಿತಿ ಗೊತ್ತಾದ ಮಾತ್ರಕ್ಕೆ ಭಯ ಹೋಗಲಿಲ್ಲ ಬಿಡಿ. ಓದಿ ಹೋಗುವ ಹಾಗಿದ್ದರೆ ನನ್ನದು ಯಾವತ್ತೋ ಹೋಗಬೇಕಿತ್ತು.

ನಂತರ ಪಟ್ಟಿ ಮಾಡಿದೆವು. ಯಾವುದು ಎಷ್ಟು ಕಷ್ಟ ಅಂತ ಸೊನ್ನೆಯಿಂದ ನೂರರವರೆಗೆ ಅಂಕ. ಬೀದಿಯ ತಿರುವಿನವರೆಗೆ ಒಬ್ಬಳೇ ನಡೆಯುವುದು ಕೆಳಗೆ, ಖಾಲಿ ಬಸ್ಸು ನಡುವೆ, ತುಂಬಿದ ಬಸ್ಸಿನ ಒಳಸೀಟು ಮೇಲೆ. ಪ್ರತಿ ಸಲ ಹೊರಡುವ ಮೊದಲು ಒಂದು ಸಾಲು ಬರೆಯಬೇಕಿತ್ತು. "ಭಯ ಆಗುತ್ತೆ" ಅಂತ ಬರೆದರೆ ಒಪ್ಪುತ್ತಿರಲಿಲ್ಲ, ಅದು ಆಗೇ ಆಗುತ್ತದಲ್ವಾ. ಏನಾಗುತ್ತೆ ಅಂತ ಬರೆಯಬೇಕು. "ಸಾಲಿನಲ್ಲಿ ನಾಲ್ಕನೆಯವಳಾಗಿ ನಿಂತರೆ ಕಾಲು ಕುಸಿದು ಕೂರುತ್ತೇನೆ, ಎಲ್ಲರೂ ತಿರುಗಿ ನೋಡುತ್ತಾರೆ." ವಾಪಸ್ ಬಂದ ಮೇಲೆ ಪಕ್ಕದಲ್ಲಿ ಆದದ್ದನ್ನು ಬರೆಯಬೇಕು. "ಕಾಲು ನಡುಗಿತು. ನಿಂತೇ ಇದ್ದೆ. ಮುಂದಿದ್ದವರು ಫೋನ್ ನೋಡುತ್ತಿದ್ದರು." ಆ ಎರಡು ಸಾಲುಗಳ ನಡುವಿನ ಅಂತರದಲ್ಲೇ ನನಗೆ ಗುಣವಾಗಿದ್ದು ಅಂತ ನಾನು ನಂಬುತ್ತೇನೆ. ಭಯ ಇಳಿಯುವ ತನಕ ಕಾದು ಬರಬೇಕು ಅಂತ ತುಂಬ ಕಡೆ ಹೇಳುತ್ತಾರೆ. ಇಳಿದರೆ ಒಳ್ಳೆಯದೇ. ಆದರೆ ಕೆಲವು ದಿನ ಅದು ಇಳಿಯಲೇ ಇಲ್ಲ, ಆ ದಿನಗಳಿಂದಲೂ ನಾನು ಕಲಿತೆ. ಕಾಲು ನಡುಗುತ್ತಲೇ ಇದ್ದಾಗಲೂ ಕೆಲಸ ಮುಗಿಸಿ ಬರಬಹುದು ಅನ್ನುವುದು ಆ ದಿನಗಳಲ್ಲೇ ಗೊತ್ತಾಗಿದ್ದು.

ಎಲ್ಲಕ್ಕಿಂತ ಹಟ ಮಾಡಿದ್ದು ಬಸ್ಸಲ್ಲ, ನೀರಿನ ಬಾಟಲಿ. ಕೈಯಲ್ಲಿ ಬಾಟಲಿ, ಬ್ಯಾಗಿನಲ್ಲಿ ಒಂದು ಮಾತ್ರೆ, ಕಿವಿಯಲ್ಲಿ ಯಾರದಾದರೂ ಫೋನ್, ಬಾಗಿಲ ಪಕ್ಕದ ಸೀಟು. ಇವಿದ್ದರೆ ಎಲ್ಲಿಗಾದರೂ ಹೋಗುತ್ತಿದ್ದೆ. ವಾಪಸ್ ಬಂದಾಗ "ಬಾಟಲಿ ಇತ್ತಲ್ಲ, ಅದಕ್ಕೇ ಬಚಾವಾದೆ" ಅನಿಸುತ್ತಿತ್ತು. ನನ್ನ ಶ್ರಮದ ಹೆಸರೆಲ್ಲ ಬಾಟಲಿಗೆ! ಇದು ಹೊಸದೇನಲ್ಲ. 1871ರಲ್ಲಿ ಈ ಕಾಯಿಲೆಗೆ ಹೆಸರಿಟ್ಟ ಜರ್ಮನ್ ವೈದ್ಯ ಕಾರ್ಲ್ ವೆಸ್ಟ್‌ಫಾಲ್ ಕೂಡ ಇದನ್ನು ಗಮನಿಸಿದ್ದರು. ದೊಡ್ಡ ಚೌಕ ದಾಟಲು ನಡುಗುವ ರೋಗಿಗಳಿಗೆ ಜೊತೆಗೊಬ್ಬರಿದ್ದರೆ, ಕೊನೆಗೆ ಕೈಯಲ್ಲಿ ಒಂದು ಊರುಗೋಲಿದ್ದರೂ ಸಮಾಧಾನವಾಗುತ್ತಿತ್ತಂತೆ. ನನ್ನದು ಊರುಗೋಲಿನ ಬದಲು ಪ್ಲಾಸ್ಟಿಕ್ ಬಾಟಲಿ, ಅಷ್ಟೇ.

ಒಂದೇ ಸಲಕ್ಕೆ ಎಲ್ಲ ಬಿಡಿಸಲಿಲ್ಲ. ಮೊದಲು ಬಾಟಲಿ ಬ್ಯಾಗಿನೊಳಗೆ ಹೋಯಿತು, ಆಮೇಲೆ ಖಾಲಿ ಬಾಟಲಿ, ಆಮೇಲೆ ಮನೆಯಲ್ಲೇ ಉಳಿಯಿತು. ಫೋನ್ ತಂದರೂ ಕರೆ ಮಾಡುವಂತಿಲ್ಲ. ಬಾಟಲಿ ಇಲ್ಲದೆ ಹೋದ ಮೊದಲ ದಿನ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ದಾರಿಯುದ್ದಕ್ಕೂ ಎಂಜಲು ನುಂಗುವುದರ ಮೇಲೇ ಗಮನ. ನಗು ಬರುತ್ತೆ ಈಗ. ಆದರೆ ಆವತ್ತಿನ ಸಣ್ಣ ನಡಿಗೆ, ಬಾಟಲಿ ಹಿಡಿದು ಮಾಡಿದ ಉದ್ದುದ್ದ ಪ್ರಯಾಣಗಳಿಗಿಂತ ಜಾಸ್ತಿ ಕೆಲಸ ಮಾಡಿತು.

ಔಷಧಿಯನ್ನೂ ತೆಗೆದುಕೊಂಡೆ, ಎಸ್ಎಸ್ಆರ್‌ಐ ಗುಂಪಿನದ್ದು (ಖಿನ್ನತೆಗೂ ಆತಂಕಕ್ಕೂ ಕೊಡುವ ಔಷಧಿಗಳು). ಸರಿಯಾಗಿ ಕೆಲಸ ಶುರು ಮಾಡೋಕೆ ಕೆಲವು ವಾರ ಬೇಕು. ಮೊದಮೊದಲು ಚಡಪಡಿಕೆ ಜಾಸ್ತಿಯೂ ಆಗಬಹುದು. ಇದನ್ನು ಮೊದಲೇ ಹೇಳಿದ್ದರಿಂದ ನಾನು ನಿಲ್ಲಿಸಲಿಲ್ಲ. ಸುಮ್ನೆ ಬಿಟ್ಟುಬಿಡುವ ಮಾತ್ರೆಯೂ ಅಲ್ಲ ಅದು, ವೈದ್ಯರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು. ಅಲ್‌ಪ್ರಝೋಲಮ್‌ನಂಥ ಮಾತ್ರೆಗಳ ಕಥೆ ಬೇರೆ. ಬೇಗ ಆರಾಮ ಕೊಡುತ್ತವೆ, ಅದೇ ಅವುಗಳ ತೊಂದರೆ. ಅಭ್ಯಾಸವಾಗುತ್ತದೆ, ಜೊತೆಗೆ ಹೊರಗೆ ಹೋಗಿ ಕಲಿಯಬೇಕಾದ ಪಾಠವನ್ನೂ ಮಂಕು ಮಾಡುತ್ತದೆ. ಬ್ಯಾಗಿನಲ್ಲಿದ್ದ ಆ ಒಂದು ಮಾತ್ರೆಯನ್ನು ನಾನು ನುಂಗಿದ್ದೇ ಕಡಿಮೆ. ಆದರೂ ಅದನ್ನು ತೆಗೆದಿಡುವುದು ಬಾಟಲಿಗಿಂತ ಕಷ್ಟವಾಯಿತು.

ಜೊತೆಗಿರುವವರಿಗೆ ಒಂದು ಮಾತು. ದಾರಿಯಲ್ಲಿ "ಆರಾಮಾ? ವಾಪಸ್ ಹೋಗೋಣವಾ?" ಅಂತ ಕೇಳುತ್ತಾ ಇರಬೇಡಿ. ಬೈಯುವುದೂ ಬೇಡ. ಅಂಗಡಿಯ ಕೆಲಸವನ್ನೆಲ್ಲ ಪ್ರೀತಿಯಿಂದ ನೀವೇ ಮಾಡಿಕೊಡುವುದು ಇನ್ನೂ ಬೇಡ. ನನ್ನ ತಂಗಿ ಮೊದಲು ಪಕ್ಕದಲ್ಲಿ ನಡೆದಳು, ಆಮೇಲೆ ಹತ್ತು ಹೆಜ್ಜೆ ಹಿಂದೆ, ಆಮೇಲೆ ಮುಂದಿನ ಸ್ಟಾಪಿನಲ್ಲಿ ಕಾದಳು, ಆಮೇಲೆ ಬರುವುದನ್ನೇ ಬಿಟ್ಟಳು. ಬಿಟ್ಟ ದಿನ ನಾನು ಅವಳ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ಈಗಲೂ ಜ್ವರ ಬಂದು ಮನೆಯಲ್ಲೇ ಉಳಿದರೆ ಮೊದಲ ಸಲ ಹೊರಗೆ ಕಾಲಿಟ್ಟಾಗ ಹಳೇ ಜುಮ್ಮು ಬರುತ್ತದೆ. ಕಾಯಿಲೆ ಮರಳಿತು ಅಂತ ಗಾಬರಿ ಬೀಳುವುದಿಲ್ಲ. ಪಟ್ಟಿಯನ್ನು ಅರ್ಧದಿಂದ ಮತ್ತೆ ಶುರು ಮಾಡುತ್ತೇನೆ, ಈ ಸಲ ಬೇಗ ಮೇಲೆ ಹೋಗುತ್ತೇನೆ. ಉದ್ದನೆಯ ಸುರಂಗದಲ್ಲಿ ಹೋಗುವ ರೈಲು ಮಾತ್ರ ಪಟ್ಟಿಯ ತುದಿಯಲ್ಲಿ ಹಾಗೇ ಇದೆ. ಅದರ ಎದುರಿನ ಊಹೆಯ ಸಾಲು ಬರೆದಾಗಿದೆ, ಪಕ್ಕದ ಸಾಲು ಇನ್ನೂ ಬರೆಯಬೇಕು.