‘ಈಗಲೇ ಯಾಕೆ?’ – ಅವಧಿಗೆ ಮೊದಲೇ ಬಡ್ತಿ ಕೇಳಿದ ನನ್ನ ಅನುಭವ

ಮೆಡಿಕಲ್ ಕಾಲೇಜಿನಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಮೂರನೇ ವರ್ಷ ನಡೆಯುತ್ತಿತ್ತು. ಅದರ ಮೇಲಿನ ಹುದ್ದೆಯಾದ ಅಸೋಸಿಯೇಟ್ ಪ್ರೊಫೆಸರ್ ಆಗಲು ಎಷ್ಟೋ ಕಡೆ 5ರಿಂದ 7 ವರ್ಷ ಹಿಡಿಯುತ್ತದೆ. ನಾನು ಬೇಗ ಕೇಳೋಣ ಎಂದುಕೊಂಡು ಫೈಲ್ ಜೋಡಿಸಿ ವಿಭಾಗದ ಮುಖ್ಯಸ್ಥರಿಗೆ ಕೊಟ್ಟೆ. ಅವರು ಪೂರ್ತಿ ಓದಿದರು. “ನಿಯಮದಲ್ಲಿ ಕೇಳಿದ್ದೆಲ್ಲ ಇದೆ. ಆದರೆ ಈಗಲೇ ಯಾಕೆ ಅಂತ ಬಡ್ತಿ ಕಮಿಟಿ ಕೇಳಿದರೆ ನಾನು ಏನು ಬರೆಯಲಿ, ನೀವೇ ಹೇಳಿ” ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಫೈಲ್ ವಾಪಸ್ ತಂದೆ.

ಸಮಯಕ್ಕೆ ಸರಿಯಾಗಿ ಕೇಳುವವರಿಗೆ ನಿಯಮದಷ್ಟು ಇದ್ದರೆ ಸಾಕು. ಬೇಗ ಕೇಳುವವರಿಗೆ ಅದಕ್ಕಿಂತ ಜಾಸ್ತಿ ಇರಬೇಕು. ಇದು ನನಗೆ ಆ ದಿನ ಅರ್ಥವಾಯಿತು.

ಫೈಲಿನ ಮೊದಲ ಪುಟದಲ್ಲಿ ನಾನು ನೋಡಿದ ರೋಗಿಗಳ ಲೆಕ್ಕ ಬರೆದಿದ್ದೆ. ಅದು ನಮ್ಮ ಕೆಲಸವೇ ಅಲ್ವಾ? ಆ ಕೆಲಸದಿಂದ ಬೇರೆಯವರು ಏನು ಕಲಿತರು ಎನ್ನುವುದು ಕಮಿಟಿಗೆ ಬೇಕು. ಪಾಠದ ವಿಷಯದಲ್ಲೂ ಹಾಗೇ. ರೋಗಿಯ ಹಾಸಿಗೆಯ ಪಕ್ಕ ನಿಂತು ಕಲಿಸಲು ನಾನೇ ಒಂದು ಕ್ರಮ ಮಾಡಿಕೊಂಡಿದ್ದೆ, ದಾಖಲೆ ಮಾತ್ರ ಒಂದೂ ಇರಲಿಲ್ಲ. ಕಲಿಸುವುದೂ ವಿದ್ವತ್ತಿನ ಕೆಲಸವೇ ಎಂದು ಅಮೆರಿಕದ ಶಿಕ್ಷಣ ತಜ್ಞ ಅರ್ನೆಸ್ಟ್ ಬಾಯರ್ 1990ರಲ್ಲೇ ವಾದಿಸಿದ್ದರು. ಆದರೆ ಗುರಿ, ವಿಧಾನ, ಫಲಿತಾಂಶ ಎಲ್ಲವೂ ಬೇರೆಯವರು ಪರೀಕ್ಷಿಸುವ ಹಾಗೆ ಕಾಗದದ ಮೇಲೆ ಇರಬೇಕು. ಮುಂದಿನ ಒಂದು ವರ್ಷ ಅದನ್ನೇ ಮಾಡಿದೆ. ಇಬ್ಬರು ಹಿರಿಯರನ್ನು ಕರೆದು ನನ್ನ ಪಾಠ ನೋಡಿ ಅಭಿಪ್ರಾಯ ಬರೆದುಕೊಡಿ ಎಂದು ಕೇಳಿದೆ. ಬ್ಯಾಚ್‌ವಾರು ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಕೂಡಿಟ್ಟೆ. ಬೇರೆ ಎರಡು ಕಾಲೇಜಿನವರು ಆ ಕ್ರಮವನ್ನು ಬಳಸಿ ನೋಡಿದರು. ಕೊನೆಗೆ ಅದೇ ಒಂದು ಪೇಪರ್ ಆಯಿತು.

ಪೇಪರ್‌ಗಳ ಪಟ್ಟಿಯಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ತೆಗೆದುಹಾಕಿದೆ. ಅದು ಒಂದು ಜರ್ನಲ್‌ನ ಪೇಪರ್‌ಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಲೆಕ್ಕ, ನನ್ನ ಪೇಪರ್‌ನ ಬೆಲೆ ಅಲ್ಲ. ಸಂಶೋಧನೆಯನ್ನು ಹೇಗೆ ಅಳೆಯಬೇಕು ಎಂಬ ಬಗ್ಗೆ 2012ರಲ್ಲಿ ರೂಪುಗೊಂಡ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ, ಅಂದರೆ ಡೋರಾ, ಹೇಳುವುದೂ ಇದನ್ನೇ. ಅದರ ಬದಲು ಐದು ಪೇಪರ್ ಆರಿಸಿ, ಪ್ರತಿಯೊಂದರಲ್ಲೂ ನಾನು ಮಾಡಿದ್ದೇನು, ಅದನ್ನು ಯಾರು ಬಳಸಿದರು ಎಂದು ಎರಡೆರಡು ಸಾಲು ಬರೆದೆ.

ಎಲ್ಲಕ್ಕಿಂತ ಕಷ್ಟವಾದದ್ದು ನಮ್ಮ ಕೆಲಸದ ಬಗ್ಗೆ ಕಮಿಟಿಗೆ ಹೊರಗಿನ ತಜ್ಞರು ಬರೆಯುವ ಪತ್ರ. ಮೊದಲ ಸಲ ನನ್ನ ಗೈಡ್ ಮತ್ತು ಸಹಲೇಖಕರ ಹೆಸರು ಕೊಟ್ಟಿದ್ದೆ. ಅವರು ಹೊಗಳುವುದು ಸಹಜ, ಹಾಗಾಗಿ ಅಂಥ ಪತ್ರಕ್ಕೆ ತೂಕ ಕಡಿಮೆ. ನನ್ನ ಜೊತೆ ಕೆಲಸ ಮಾಡದವರು, ಕೆಲಸದಿಂದಷ್ಟೇ ನನ್ನನ್ನು ಬಲ್ಲವರು ಬರೆಯಬೇಕು. ನಿಮ್ಮ ಸಂಸ್ಥೆಯಲ್ಲಾದರೆ ಇವರಿಗೆ ಈ ಹುದ್ದೆ ಸಿಗುತ್ತಿತ್ತಾ ಎಂದು ಎಷ್ಟೋ ಕಡೆ ಅವರನ್ನು ನೇರವಾಗಿ ಕೇಳುತ್ತಾರೆ. ಅಪರಿಚಿತರಿಗೆ ನಮ್ಮ ಕೆಲಸ ಗೊತ್ತಾಗಬೇಕಾದರೆ ಸಮ್ಮೇಳನದಲ್ಲಿ ಮಾತಾಡಬೇಕು, ಜರ್ನಲ್‌ಗಳಿಗೆ ಬರುವ ಬೇರೆಯವರ ಪೇಪರ್‌ಗಳ ವಿಮರ್ಶೆ ಬರೆಯಬೇಕು. ಸುಮ್ನೆ ಕೂತರೆ ಆಗುವ ಮಾತಲ್ಲ. ಬೇಗ ಬಡ್ತಿ ಬೇಕು ಎನ್ನುವವರು ಕೆಲಸಕ್ಕೆ ಸೇರಿದ ವರ್ಷವೇ ಇದನ್ನು ಶುರು ಮಾಡಬೇಕು ಎಂದು ನಾನು ಕಿರಿಯರಿಗೆ ಒತ್ತಿ ಹೇಳುತ್ತೇನೆ.

ಅರ್ಜಿ ತಿರಸ್ಕಾರವಾದರೆ ಮತ್ತೆ ಯಾವಾಗ ಹಾಕಬಹುದು ಎಂಬ ನಿಯಮವನ್ನೂ ಮೊದಲೇ ಓದಿಕೊಳ್ಳಿ. ಒಂದೊಂದು ಕಡೆ ಒಂದೊಂದು ಥರ ಇರುತ್ತದೆ.

ನಾಲ್ಕನೇ ವರ್ಷದ ಕೊನೆಗೆ ಫೈಲ್ ಮತ್ತೆ ಮುಖ್ಯಸ್ಥರ ಮೇಜಿಗೆ ಹೋಯಿತು. ಈ ಸಲ ಅವರು ಏನೂ ಕೇಳಲಿಲ್ಲ. ‘ಈಗಲೇ ಯಾಕೆ’ ಎಂಬುದಕ್ಕೆ ತಮ್ಮ ಪತ್ರದ ಮೊದಲ ಪ್ಯಾರಾದಲ್ಲೇ ಉತ್ತರ ಬರೆದು ಕಮಿಟಿಗೆ ಕಳಿಸಿದರು.